ಬುರುಲ್ಚಾಳ ತಂತಿ, ಕಲಿಪಾಳ ಕೀಲಿಕೈ

ಶನಿವಾರ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಬಿಷ್ಕೆಕ್‌ನ ಎಂಟನೇ ಬಡಾವಣೆಯ ಐದಂತಸ್ತಿನ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ, ಶಾರಿಪಾ ಅಪಾಳ ಮೇಜಿನ ದೀಪ ಯಾರೂ ಮುಟ್ಟದೆ ಹನ್ನೊಂದು ಸಲ ಹತ್ತಿ ಆರಿತು.

ಅದು ಬೆರಳು ತಾಗಿದರೆ ಹತ್ತುವ, ಮತ್ತೆ ತಾಗಿದರೆ ಆರುವ ದೀಪ. ಕಟ್ಟಡದವರೆಲ್ಲ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಎಪ್ಪತ್ತೆಂಟು ವರ್ಷದ ಶಾರಿಪಾ ಕೋಣೆಯ ಇನ್ನೊಂದು ತುದಿಯಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಅದೇ ಹೊತ್ತಿಗೆ ಎರಡನೇ ಮಹಡಿಯಲ್ಲಿ ಕಲಿಪಾಳ ಟೀವಿ, ಸುದ್ದಿ ಓದುವುದರ ನಡುವೆ ಟಕ್ ಟಕ್ ಅನ್ನತೊಡಗಿತು. ಇಬ್ಬರ ಮಧ್ಯೆ, ಮೂರನೇ ಮಹಡಿಯಲ್ಲಿ, ಬುರುಲ್ಚಾ ರೇಡಿಯೋ ಸಂಕೇತ ಒತ್ತುವ ಮೋರ್ಸ್ ಕೀಲಿಯ ಮೇಲೆ ಬೆರಳಿಟ್ಟುಕೊಂಡು ಖುಷಿಯಾಗಿ ಕೂತಿದ್ದಳು. ತನ್ನ ಮನೆಯಿಂದ ಅವಳು ಕಳಿಸಿದ ಮೊದಲ ಕರೆ ಅದು.

ಬುರುಲ್ಚಾಗೆ ಅರವತ್ತೊಂದು. ಹಿಮನದಿಯ ಪಕ್ಕದ ಹವಾಮಾನ ಕೇಂದ್ರದಲ್ಲಿ ಹದಿನಾಲ್ಕು ವರ್ಷ ರೇಡಿಯೋ ನಡೆಸಿದವಳು. ಮೂರು ಗಂಟೆಗೊಮ್ಮೆ ಗಾಳಿ, ಹಿಮ, ಒತ್ತಡಗಳ ಅಂಕಿಗಳನ್ನು ಮೋರ್ಸ್‌ನಲ್ಲಿ ಕೆಳಕ್ಕೆ ಕಳಿಸುತ್ತಿದ್ದಳು. ಕೇಂದ್ರ ಮುಚ್ಚಿತು, ಅಲ್ಲಿದ್ದ ಐವರು ಐದು ಊರು ಸೇರಿದರು. ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಹವ್ಯಾಸಿ ರೇಡಿಯೋ ಪರವಾನಗಿ ಮಾಡಿಸಿಕೊಂಡಿದ್ದರು. ಬುರುಲ್ಚಾಳ ಪರವಾನಗಿ ಹದಿನೈದು ದಿನದ ಹಿಂದೆ ಕೈಸೇರಿತ್ತು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಐವರೂ ರೇಡಿಯೋದಲ್ಲಿ ಸೇರುವುದೆಂದು ಮಾತಾಗಿತ್ತು. ಇಪ್ಪತ್ತಾರು ವರ್ಷಗಳ ಮೇಲೆ ಮೊದಲ ಸಲ.

ಎರಡೂವರೆಗೆ ಬಾಗಿಲ ಗಂಟೆ ಸದ್ದಾಯಿತು. ಹೊಸ್ತಿಲಾಚೆ ಕಲಿಪಾ, ಅವಳ ಬೆನ್ನಿಗೆ ಶಾರಿಪಾ. ಕಲಿಪಾ ಕಟ್ಟಡದ ಸಮಿತಿಯ ಮುಖ್ಯಸ್ಥೆ. ನೆಲಮಾಳಿಗೆ, ನೀರಿನ ಕೋಣೆ, ಚಾವಣಿ, ಎಲ್ಲದರ ಕೀಲಿಕೈಗಳೂ ಅವಳ ಕೋಟಿನ ಜೇಬಿನಲ್ಲೇ ಗಿಲಿಗಿಲಿ ಅನ್ನುತ್ತಿದ್ದವು. ಆಂಟೆನಾ ಕಟ್ಟಲು ಚಾವಣಿಯ ಕೀಲಿಕೈ ಕೊಡು ಎಂದು ಬುರುಲ್ಚಾ ಮೂರು ಸಲ ಕೇಳಿ ಮೂರು ಸಲವೂ ಬರಿಗೈಲಿ ಬಂದಿದ್ದಳು.

"ಎಜೆ, ಏನು ನಡೆಸಿದ್ದೀಯ ಒಳಗೆ?" ಅಕ್ಕ ಎಂದು ಕರೆಯುತ್ತಲೇ ರೇಗಿದಳು ಕಲಿಪಾ. "ಸುದ್ದಿಯಲ್ಲಿ ಮಂತ್ರಿ ಬಾಯಿ ತೆಗೆದರೆ ಟಕ್ ಟಕ್ ಅಂತಾನೆ!"

"ಅದೇನು ಹೊಸದಾ? ಇಷ್ಟು ದಿನ ಏನಂತಿದ್ದ?" ಅಂದಳು ಬುರುಲ್ಚಾ.

"ತಮಾಷೆ ಬೇಡ. ಅಪಾ ದೀಪ ನೋಡಿ ಹೆದರಿ ನಡುಗ್ತಿದ್ದಾಳೆ."

"ನಾನೆಲ್ಲಿ ಹೆದರಿದೆ?" ಶಾರಿಪಾ ಹಿಂದಿನಿಂದಲೇ ಗದರಿದಳು. "ನನ್ನ ಗಂಡ ಸತ್ತು ಒಂಬತ್ತು ವರ್ಷ ಆಯ್ತು, ಈಗ ಏನೋ ಹೇಳೋಕೆ ಬಂದಿದ್ದಾನೇನೋ ಅಂದ್ಕೊಂಡೆ. ಬದುಕಿದ್ದಾಗ ಒಂದು ಮಾತಾಡಿದವನಲ್ಲ!"

ಕಲಿಪಾ ನಗು ತಡೆದುಕೊಂಡು ಕೆಮ್ಮಿದಳು. "ಆರು ಗಂಟೆವರೆಗೆ ಟೈಮು. ಅಷ್ಟರಲ್ಲಿ ಇದು ನಿಲ್ಲಬೇಕು. ಇಲ್ಲದಿದ್ರೆ ಕಿಟಕಿ ಹೊರಗಿನ ತಂತಿ ನಾನೇ ಕತ್ತರಿಸ್ತೀನಿ. ಚಾವಣಿ ಕನಸು ಇನ್ನು ಮರೆತುಬಿಡು."

ಬಾಗಿಲು ಮುಚ್ಚಿತು. ಬುರುಲ್ಚಾ ಗೆನ್ನಾದಿಗೆ ಫೋನ್ ಮಾಡಿದಳು. ಅವನು ನಗರದ ರೇಡಿಯೋ ಕೂಟದ ಹಿರಿಯ. ಎಪ್ಪತ್ತು ದಾಟಿದರೂ ಯಾರ ಮನೆಯ ಆಂಟೆನಾ ಹೇಗಿದೆ ಎಂಬುದು ಬಾಯಿಪಾಠ.

ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ ಪ್ರಶ್ನೆ. "ಭೂಸಂಪರ್ಕದ ತಂತಿ ಎಲ್ಲಿಗೆ ಕಟ್ಟಿದ್ದೀಯ?"

"ಎಲ್ಲಿಗೆ ಅಂದ್ರೆ? ಮನೆ ಬೆಚ್ಚಗಿಡೋ ಬಿಸಿನೀರಿನ ಕೊಳವೆಗೆ. ಬಣ್ಣ ಕೆರೆದು, ಗಟ್ಟಿಯಾಗಿ."

"ಬುರುಲ್, ಬುರುಲ್!" ಗೆನ್ನಾದಿ ನರಳಿದ. "ಪ್ರತಿ ವರ್ಷ ಚಳಿಗಾಲಕ್ಕೆ ಒಬ್ಬರಾದರೂ ಈ ಕೆಲಸ ಮಾಡ್ತೀರಿ."

"ನಮ್ಮ ಕಾಲದ ಪುಸ್ತಕಗಳಲ್ಲೆಲ್ಲ ಹಾಗೇ ಇತ್ತು. ನೀನೂ ಹಾಗೇ ಮಾಡ್ತಿದ್ದೆ."

"ಮಾಡ್ತಿದ್ದೆ. ಆಗ ಮುಟ್ಟಿದರೆ ಹತ್ತೋ ದೀಪ ಯಾರ ಮನೇಲಿತ್ತು? ಕೇಳು. ಆ ಕೊಳವೆ ನೆಲಮಾಳಿಗೆಯಿಂದ ಐದನೇ ಮಹಡಿವರೆಗೆ ನೆಟ್ಟಗೆ ನಿಂತಿದೆ, ಎಲ್ಲರ ಕೋಣೆಯಲ್ಲೂ ಹಾದು ಹೋಗುತ್ತೆ. ಹದಿನೈದು ಮೀಟರು ಕಬ್ಬಿಣ. ನೀನು ಭೂಮಿಗೆ ತಂತಿ ಕೊಟ್ಟಿಲ್ಲ ತಾಯಿ, ಇಡೀ ಕಟ್ಟಡವನ್ನೇ ಆಂಟೆನಾ ಮಾಡಿದ್ದೀಯ!"

ಬುರುಲ್ಚಾ ಕೊಳವೆಯತ್ತ ನೋಡಿದಳು. ಹಿಮನದಿಯ ಬಳಿ ಅವರ ಭೂಸಂಪರ್ಕ ಅಂದರೆ ಹಳೇ ಲಾರಿಯ ಅಚ್ಚು, ಎರಡು ಮೀಟರು ಆಳದಲ್ಲಿ ಹೂತದ್ದು. ಸುತ್ತ ಮೂವತ್ತು ಕಿಲೋಮೀಟರು ನೆರೆಮನೆಯೇ ಇರಲಿಲ್ಲ. ನೆರೆಯವರ ವಿಚಾರ ಅವಳ ತಲೆಗೇ ಹೊಳೆದಿರಲಿಲ್ಲ.

"ಬರ್ಕೋ," ಅಂದ ಗೆನ್ನಾದಿ. "ಆ ತಂತಿ ಈಗಲೇ ಬಿಚ್ಚು. ಜೀವಕ್ಕೆ ಅಪಾಯ ಆಗದ ಹಾಗೆ ಸಾಕೆಟ್ಟಿಗೆ ಮೂರನೇ ತಂತಿ ಎಳೆಸಿದ್ದೀಯಲ್ಲ, ಭದ್ರತೆಗೆ ಅದು ಸಾಕು. ಕಿಟಕಿಯಿಂದ ಮರಕ್ಕೆ ಕಟ್ಟಿರೋ ಒಂಟಿ ತಂತಿನೂ ತೆಗಿ, ಅದಕ್ಕೆ ಭೂಸಂಪರ್ಕ ಬೇಕೇ ಬೇಕು. ಎರಡು ಕಡೆಗೂ ತಂತಿಯ ರೆಕ್ಕೆ ಚಾಚಿರೋ ಆಂಟೆನಾ ಕಟ್ಟು, ಅದಕ್ಕೆ ಭೂಮಿಯ ಹಂಗಿಲ್ಲ. ಏಳು ಮೆಗಾಹರ್ಟ್ಸಿಗೆ ಒಂದೊಂದು ರೆಕ್ಕೆ ಹತ್ತು ಮೀಟರು ಹದಿನೈದು ಸೆಂಟಿಮೀಟರು. ಕತ್ತರಿಸುವಾಗ ಒಂದು ಗೇಣು ಹೆಚ್ಚೇ ಬಿಡು. ಮಡಚಿ ಸರಿಮಾಡಬಹುದು, ಕತ್ತರಿಸಿದ್ದನ್ನ ಬೆಳೆಸೋಕಾಗಲ್ಲ. ರೆಕ್ಕೆ ಸೇರೋ ಕಡೆ, ರೇಡಿಯೋದಿಂದ ಬರೋ ಕೇಬಲ್ಲನ್ನ ಎಂಟು ಸುತ್ತು ಸುತ್ತಿ ಕಟ್ಟು, ಊಟದ ತಟ್ಟೆಯಷ್ಟು ಅಗಲ. ಅದಿಲ್ಲದಿದ್ರೆ ಕೇಬಲ್ಲಿನ ಹೊರಮೈ ಮೇಲೆ ಶಕ್ತಿ ಮನೆಯೊಳಕ್ಕೆ ವಾಪಸ್ ಬರುತ್ತೆ. ತುದಿಗಳು ಯಾರ ಕೈಗೂ ಎಟುಕಬಾರದು, ಮುಟ್ಟಿದವರ ಬೆರಳು ಸುಡುತ್ತೆ. ಎಷ್ಟು ವಾಟು ಬಿಟ್ಟಿದ್ದೆ?"

"ನೂರು."

"ಒಂದು ದೇಶ ದಾಟೋಕೆ ಇಪ್ಪತ್ತು ಸಾಕು. ಮಿಂಚು ಕಂಡರೆ ಕೇಬಲ್ ಕಿತ್ತು ಗೋಡೆಯಾಚೆ ಇಡು. ಇಷ್ಟೇ."

"ರೆಕ್ಕೆ ಕಟ್ಟೋಕೆ ಚಾವಣಿ ಎಲ್ಲಿದೆ? ಕೀಲಿಕೈ ಕಲಿಪಾ ಜೇಬಲ್ಲಿದೆ."

"ರೇಡಿಯೋ ಬಗ್ಗೆ ಕೇಳು, ಹೇಳ್ತೀನಿ. ಕಲಿಪಾ ಬಗ್ಗೆ ನನ್ನ ಕೇಳ್ಬೇಡ," ಅಂದ ಗೆನ್ನಾದಿ, ಫೋನ್ ಇಟ್ಟ.

ಬುರುಲ್ಚಾ ಕೊಳವೆಯ ತಂತಿ ಬಿಚ್ಚಿದಳು. ಕಿಟಕಿಯ ತಂತಿಯನ್ನು ಒಳಗೆಳೆದು ಅಳೆದು ಕತ್ತರಿಸಿದಳು. ಎರಡು ರೆಕ್ಕೆಗಳನ್ನೂ ಕೋಣೆಯ ಗೋಡೆಗಳ ಮೇಲಂಚಿಗೆ ಅಂಟುಪಟ್ಟಿಯಿಂದ ಅಂಟಿಸಿ, ಮಿಕ್ಕದ್ದನ್ನು ನಡುಮನೆಯೊಳಕ್ಕೆ ಹರಿಸಿದಳು. ಇದರಿಂದ ಊರಾಚೆಗೆ ಮಾತು ದಾಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ತಪ್ಪು ರೇಡಿಯೋದ್ದಲ್ಲ, ಕೊಳವೆಯದ್ದು ಎಂದು ತೋರಿಸಲು ಇಷ್ಟು ಸಾಕಿತ್ತು. ಶಕ್ತಿಯನ್ನು ಐದು ವಾಟಿಗೆ ಇಳಿಸಿ, ಐದು ಗಂಟೆಗೆ ಎರಡನೇ ಮಹಡಿಗೆ ಇಳಿದಳು.

"ಬಾ, ಪರೀಕ್ಷೆ ಮಾಡು," ಅಂದಳು ಕಲಿಪಾಗೆ. "ಅಪಾ ಮೇಲೆ ದೀಪ ನೋಡ್ತಾಳೆ. ದೀಪ ಮಿಟುಕಿದ್ರೆ ಕೊಳವೆಗೆ ಸೌಟಿನಿಂದ ಹೊಡೀತಾಳೆ. ನೀನು ನನ್ನ ಬಾಗಿಲ ಹತ್ರ ನಿಂತು ಕೇಳು."

ಕೊಳವೆ ಬಡಿಯುವುದು ಆ ಕಟ್ಟಡದಲ್ಲಿ ಎಲ್ಲರಿಗೂ ಬರುವ ವಿದ್ಯೆ. ನೀರು ತಣ್ಣಗಾದರೆ, ಮಕ್ಕಳು ಕುಣಿದರೆ, ಯಾರಾದರೂ ಗೋಡೆ ಕೊರೆದರೆ ಬಡಿಯುವುದೇ. ಕಲಿಪಾ ಮೇಲೆ ಬಂದು ಬುರುಲ್ಚಾಳ ಹೊಸ್ತಿಲಾಚೆಯೇ ನಿಂತಳು. ಬುರುಲ್ಚಾ ಕೀಲಿ ಒತ್ತಿದಳು. ಹತ್ತು ಸೆಕೆಂಡು. ಇಪ್ಪತ್ತು ಸೆಕೆಂಡು.

ಢಣ್ ಢಣ್ ಢಣ್!

ಬುರುಲ್ಚಾಳ ಕೈ ಕೀಲಿಯಿಂದ ಜಾರಿತು. "ಮುಗೀತು," ಅಂದಳು ಕಲಿಪಾ. "ಕತ್ತರಿ ತರ್ತೀನಿ."

ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಶಾರಿಪಾಳ ಕೂಗು ಬಂತು. "ಹತ್ತಲಿಲ್ಲ! ಒಂದ್ಸಲನೂ ಹತ್ತಲಿಲ್ಲ ಕಣ್ರೇ!"

"ಮತ್ತೆ ಯಾಕೆ ಬಡಿದೆ ಅಪಾ?"

"ಹತ್ತಲಿಲ್ಲ ಅಂತ ಹೇಳೋದು ಬೇಡ್ವಾ? ನೀವು ಕೆಳಗೆ ಕಾಯ್ತಾ ಕೂತಿರ್ತೀರಿ ಪಾಪ!"

ಕಲಿಪಾ ಹುಬ್ಬು ಗಂಟಿಕ್ಕಿದಳು. "ನೀನು ಕಳಿಸ್ಲೇ ಇಲ್ಲ ಅಂತ ಕಾಣುತ್ತೆ ಎಜೆ. ಸುಮ್ಮನೆ ಬೆರಳಾಡಿಸಿದೆ. ನಾನೇ ಕಣ್ಣಾರೆ ನೋಡ್ಬೇಕು." ಚಪ್ಪಲಿ ಕಳಚಿ ಒಳಗೆ ಬಂದಳು. ಬುರುಲ್ಚಾ ಮತ್ತೆ ಕೀಲಿ ಒತ್ತಿದಾಗ ರೇಡಿಯೋದ ಮೀಟರಿನ ಮುಳ್ಳು ಏಳುವುದನ್ನೂ, ಬಿಟ್ಟಾಗ ಬೀಳುವುದನ್ನೂ ಮುಖ ಹತ್ತಿರ ತಂದು ನೋಡಿದಳು. ಫೋನ್ ಮಾಡಿ ಗಂಡನನ್ನು ಕೇಳಿದಳು. ಮಂತ್ರಿ ಸರಾಗವಾಗಿ ಮಾತಾಡುತ್ತಿದ್ದಾನೆ ಎಂದು ಉತ್ತರ ಬಂತು.

ಶಾರಿಪಾ ಕೆಳಗಿಳಿದು ಬಂದದ್ದು ಆಗಲೇ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು, ಬಿಸಿ ಬೋರ್ಸೋಕ್, ತುಂಬಿದ ತಟ್ಟೆ. ಅದರ ಮೇಲೆ ಮಡಚಿಟ್ಟ ಹೊಸ ಬಿಳಿ ತಲೆವಸ್ತ್ರ. ವಸ್ತ್ರವನ್ನು ರೇಡಿಯೋದ ತಲೆಗೆ ಹೊದಿಸಿ, ಸೊಸೆಯ ಮುಖ ನೋಡುವವಳ ಹಾಗೆ ಬಗ್ಗಿ ನೋಡಿದಳು.

"ಚೆನ್ನಾಗಿದ್ದಾಳೆ. ದೀರ್ಘಾಯುಷ್ಯ ಬರಲಿ. ತಗೋ ಬುರುಲ್ಚಾ, ಮೊದಲ ಸಲ ಮುಖ ನೋಡಿದ್ದಕ್ಕೆ ನನ್ನ ಕೊರುಮ್‌ದುಕ್." ಆಮೇಲೆ ಕಲಿಪಾಳತ್ತ ತಿರುಗಿದಳು. "ನೀನೇನು ಕೊಟ್ಟೆ?"

"ನಾನಾ? ನಾನು ತನಿಖೆಗೆ ಬಂದದ್ದು ಅಪಾ."

"ತನಿಖೆಗೆ ಬಂದವಳಿಗೆ ಕಣ್ಣಿಲ್ವಾ? ಹೊಸದನ್ನ ಮೊದಲ ಸಲ ನೋಡಿದೆ ತಾನೆ? ಕೂಸಾಗಲಿ, ಸೊಸೆಯಾಗಲಿ, ಕಾರಾಗಲಿ, ನೋಡಿದವರು ಬರಿಗೈಲಿ ಎದ್ದು ಹೋಗ್ತಾರಾ? ನಿನ್ನ ಮನೆಗೆ ಬಟ್ಟೆ ಒಗೆಯೋ ಯಂತ್ರ ಬಂದಾಗ ನನ್ನಿಂದ ಆರು ಬಟ್ಟಲು ಇಸ್ಕೊಂಡಿದ್ದೆ, ಮರೆತೋಯ್ತಾ?"

ಕಲಿಪಾ ಕೆಂಪಗಾದಳು. ಜೇಬಿಗೆ ಕೈಹಾಕಿ ಅರ್ಧ ಪೊಟ್ಟಣ ಸೂರ್ಯಕಾಂತಿ ಬೀಜ ತೆಗೆದಳು.

"ಥೂ, ಇದೇನು ಗಿಳಿ ಸಾಕ್ತಿದ್ದಾಳಾ ಇವಳು?" ಅಂದಳು ಶಾರಿಪಾ.

ಜೇಬಿನಲ್ಲಿ ಮಿಕ್ಕಿದ್ದದ್ದು ಕೀಲಿಕೈಗಳ ಗೊಂಚಲು ಮಾತ್ರ. ಬುರುಲ್ಚಾ ಟೀ ಸೋಸತೊಡಗಿದಳು. ಕಲಿಪಾ ಮುದುಕಿಯನ್ನೂ ಮುಳ್ಳನ್ನೂ ಗೋಡೆಯಂಚಿನ ತುಂಬ ಅಂಟಿಸಿದ ತಂತಿಯನ್ನೂ ಒಮ್ಮೆ ನೋಡಿದಳು. ಕೊನೆಗೆ ಉಗುರಿನಿಂದ ಗೊಂಚಲಿನ ಉಂಗುರ ಬಿಡಿಸಿ ಉದ್ದನೆಯ ಒಂದು ಕೀಲಿಕೈಯನ್ನು ಬಿಳಿ ವಸ್ತ್ರದ ಮೇಲೆ ಇಟ್ಟಳು.

"ಇನ್ನೊಂದು ಪ್ರತಿ ನನ್ನ ಮನೇಲಿದೆ, ಖುಷಿಪಡ್ಬೇಡ," ಅಂದಳು. "ಚಾವಣಿ ಡಾಂಬರಿಗೆ ಒಂದು ತೂತು ಬಿದ್ರೂ ನಿನ್ನ ಕೈಲೇ ಮುಚ್ಚಿಸ್ತೀನಿ. ಇಪ್ಪತ್ತು ವಾಟು ಬಿಟ್ಟಾಗ ಮತ್ತೆ ದೀಪ ನೋಡ್ಬೇಕು."

"ನೋಡೋಣ," ಅಂದಳು ಬುರುಲ್ಚಾ. "ಈ ಸಲ ಮಿಟುಕಿದ್ರೆ ಮಾತ್ರ ಹೊಡಿ ಅಪಾ."

"ಮಿಟುಕಿದ್ರೆ ಕೂಗ್ತೀನಿ. ಸೌಟು ಬಗ್ಗಿಹೋಗಿದೆ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬುರುಲ್ಚಾ, ಕಲಿಪಾ ಇಬ್ಬರೂ ಚಾವಣಿ ಹತ್ತಿದರು. ಕಲಿಪಾ ಕಾವಲಿಗೆಂದು ಬಂದವಳು, ಹತ್ತು ನಿಮಿಷದೊಳಗೆ ತಂತಿಯ ತುದಿ ಹಿಡಿದು "ಇನ್ನೂ ಎಳಿ, ಜೋತಾಡ್ತಿದೆ!" ಎಂದು ಆಜ್ಞೆ ಕೊಡತೊಡಗಿದ್ದಳು. ಹಳೇ ಟೀವಿ ಕಂಬಗಳೆರಡರ ನಡುವೆ ರೆಕ್ಕೆಗಳು ನಿಂತವು, ತುದಿಗಳು ಚಾವಣಿಯಿಂದ ಮೂರು ಮೀಟರು ಮೇಲೆ. ನಡುವೆ ಎಂಟು ಸುತ್ತಿನ ಕೇಬಲ್ಲು, ಊಟದ ತಟ್ಟೆಯಷ್ಟೇ ಅಗಲ. ಕಲಿಪಾ ನಿಜವಾದ ತಟ್ಟೆಯನ್ನೇ ತಂದು ಅಳೆಸಿದ್ದಳು. ತಂತಿ ನಾಲ್ಕು ಬೆರಳು ಉದ್ದವಾಯಿತು, ಮಡಚಿದರು. ಹತ್ತೂವರೆಗೆ ಇಪ್ಪತ್ತು ವಾಟಿನಲ್ಲಿ ಪರೀಕ್ಷೆ ನಡೆಯಿತು. ಮೇಲಿನಿಂದ ಕೂಗು ಬರಲಿಲ್ಲ.

ಹನ್ನೊಂದಕ್ಕೆ ಬುರುಲ್ಚಾ ಮೊದಲು ಎರಡು ನಿಮಿಷ ಸುಮ್ಮನೆ ಕೇಳಿದಳು. ಆ ತರಂಗದಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕರೆ ಕಳಿಸಿದಳು. ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ನಾರಿನ್‌ನಿಂದ ಉತ್ತರ ಬಂತು, ಒಂಬತ್ತನೇ ನಿಮಿಷಕ್ಕೆ ಓಶ್‌ನಿಂದ, ಹನ್ನೆರಡನೇ ನಿಮಿಷಕ್ಕೆ ತಲಾಸ್‌ನಿಂದ. ತಾಲ್ದಿಕೊರ್ಗಾನ್‌ನಲ್ಲಿದ್ದ ನಾಲ್ಕನೆಯವನು ಅಂದು ಕೇಳಿಸಲಿಲ್ಲ. ಅವನು ಮುಂದಿನ ಭಾನುವಾರ ಹನ್ನೊಂದು ಗಂಟೆ ಆರು ನಿಮಿಷಕ್ಕೆ ಬಂದ.