ಗಡಿ ದಾಟಿದರೆ ಕುಗ್ಗುವ ಎಣ್ಣೆ

ಟ್ಯಾಂಕರುಗಳ ಹಿಂದೆ ಜೋತುಬಿದ್ದ ಕಬ್ಬಿಣದ ಸರಪಳಿ ರಸ್ತೆಗೆ ಉಜ್ಜುವ ಸದ್ದಿನಿಂದಲೇ ನಮ್ಮ ಗಡಿಯೂರಿಗೆ ಬೆಳಗಾಗುತ್ತಿತ್ತು. ಅದು ಕೇಳಿದೊಡನೆ ನನಗೆ ಸಂಕಟ ಶುರು. ಗಡಿ ದಾಟುವ ಪ್ರತಿ ಟ್ಯಾಂಕರಿನ ಡೀಸೆಲ್ ಅಳತೆ, ಉಷ್ಣತೆ ಬರೆದು ಸಹಿ ಹಾಕುವವಳು ನಾನು. ಆಚೆಯ ದೇಶ ಬೆಟ್ಟದ ಮೇಲಿತ್ತು. ಅಲ್ಲಿನ ಚಳಿಗೆ ಡೀಸೆಲ್ ಕುಗ್ಗುತ್ತದೆ. ಎಷ್ಟು ಕುಗ್ಗಬಹುದೆಂದು ನಾನು ಬರೆದ ಉಷ್ಣತೆ ಹಿಡಿದೇ ಅವರು ಲೆಕ್ಕ ಹಾಕುತ್ತಿದ್ದರು. ಆದರೂ ಆ ಬೇಸಿಗೆಯಿಡೀ 'ಕೊರತೆ' ಎಂಬ ಚೀಟಿಗಳು ಬಂದವು.

ಚಾಲಕ ದಸ್ತಗೀರನಿಗೆ ಮೂರನೆಯದು ಬಂದಿತ್ತು: ನೂರಿಪ್ಪತ್ತು ಲೀಟರ್. ಮೂರು ಚೀಟಿಯಾದರೆ ಕಳ್ಳನೆಂದು ಪರವಾನಗಿ ರದ್ದು.

"ಅಕ್ಕಾರ, ಹನ್ನೆರಡು ವರ್ಷ ಆತು ಗಾಡಿ ಹೊಡ್ಯಾಕ ಹತ್ತಿ. ಒಂದು ಹನಿ ಮುಟ್ಟಿಲ್ರೀ."

"ನೀ ಮುಟ್ಟೀದಿ ಅಂತ ನಾ ಎಲ್ಲಿ ಅಂದೆ? ಆ ಕಡೆಯವ್ರಿಗೆ ಕೂಡ್ಸಾಕ ಕಳಿಯಾಕ ಬರಂಗಿಲ್ಲ!"

ಆಚೆಯವರಿಗೆ ನಾನು ಬರೆದ ನಾಲ್ಕು ಪತ್ರಗಳಿಗೂ ಉತ್ತರವಿರಲಿಲ್ಲ. ಫೋನು ಮಾಡಿದರೆ ಆಚೆಯ ತಪಾಸಣಾಧಿಕಾರಿ ನಕ್ಕ. "ಬಾಯಾರ, ನಿಮ್ಮ ಅಂಕಿನೇ ಹಿಡ್ದು ಲೆಕ್ಕ ಮಾಡೀವಿ. ನಿಮ್ಮ ಡ್ರೈವರಗ ದಾರ್ಯಾಗ ನೀರಡಿಕಿ ಆಗಿರಬೇಕು."

ಫೋನು ಕುಕ್ಕಿದೆ. ಹೊರಗೆ ಮತ್ತೆ ಸರಪಳಿಯ ಸದ್ದು. ಇನ್ನೂ ಒಂದು ಬಂತಲ್ಲ ಎಂದು ರೇಗಿತು.

ದಸ್ತಗೀರ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟ. "ನಿಮ್ಮ ಖೋಲಿ ಭಾಳ ತಂಪೈತ್ರೀ ಅಕ್ಕಾರ. ಎರಡು ದಿನ ಸಾಲಿನ್ಯಾಗ ನಿಂತು ನನ್ನ ಟಾಕಿ ಕಾದ ಹೆಂಚಾಗೇತಿ."

ನಾನು ಗೋಡೆಯ ಥರ್ಮಾಮೀಟರಿನತ್ತ ತಿರುಗಿದೆ. ಟ್ಯಾಂಕಿನೊಳಗೆ ಇಳಿಬಿಡುವ ಥರ್ಮಾಮೀಟರು ಯುಗಾದಿಗೆ ಮುಂಚೆಯೇ ಒಡೆದಿತ್ತು. ನಮ್ಮ ಕಚೇರಿಯ ಮ್ಯಾನೇಜರು ಗೋಡೆಗೆ ಹಾಕುವಂಥದ್ದು ಕಳಿಸಿ, "ಎಲ್ಲಾ ಒಂದ ಊರಿನ ಬಿಸಲು, ಇದನ್ನ ನೋಡಿ ಬರೀರಿ" ಎಂದಿದ್ದರು. ಸೀರೆಯುಟ್ಟು ಏಣಿ ಹತ್ತುವುದು ತಪ್ಪಿತೆಂದು ನಾನೂ ಒಪ್ಪಿದ್ದೆ. ಮೂರು ತಿಂಗಳು ಡೀಸೆಲಿನ ಬಿಸಿಯೆಂದು ನನ್ನ ಖೋಲಿಯ ತಂಪನ್ನು ಬರೆದಿದ್ದೆ.

ಗೋಡೆಯಿಂದ ಅದನ್ನು ಕಿತ್ತು, ದಾರ ಕಟ್ಟಿ, ಏಣಿ ಹತ್ತಿದೆ. ದಸ್ತಗೀರ ಮುಖ ಅತ್ತ ತಿರುಗಿಸಿಕೊಂಡು ಏಣಿ ಹಿಡಿದ. ಖೋಲಿಯಲ್ಲಿ ಇಪ್ಪತ್ತೊಂಬತ್ತು, ಟ್ಯಾಂಕಿನೊಳಗೆ ನಲವತ್ತೊಂದು. ಹೆಚ್ಚು ಕಾದ ಡೀಸೆಲ್ ಚಳಿಗೆ ಹೆಚ್ಚು ಕುಗ್ಗುತ್ತದೆ; ನಾನು ಬರೆಯದೆ ಬಿಟ್ಟ ಆ ಹನ್ನೆರಡು ಡಿಗ್ರಿಯೇ ಅವರ 'ಕೊರತೆ'.

"ನಿಮ್ಮ ತಪ್ಪು ಅಂತ ಬರೀಬ್ಯಾಡ್ರಿ, ನೌಕರಿ ಹೋಗ್ತದ," ಎಂದರು ಮ್ಯಾನೇಜರು.

"ಮತ್ತ ಯಾರ ತಪ್ಪು ಅಂತ ಬರೀಲಿ, ಸರ್? ಸೂರ್ಯಂದಾ?"

ತಪ್ಪು ನನ್ನದೆಂದೇ ಆಚೆಯವರಿಗೆ ಬರೆದೆ. ದಸ್ತಗೀರನ ಪರವಾನಗಿ ಉಳಿಯಿತು. ತಪ್ಪಿಗೆ ಕಾರಣ ಕೇಳಿ ನನಗೆ ನೋಟೀಸು ಬಂದ ದಿನವೂ ನಾನು ಆಗಷ್ಟೇ ಏಣಿಯಿಂದ ಇಳಿದಿದ್ದೆ. ನೋಟೀಸು ಪಡೆದೆನೆಂದು ಸಹಿ ಹಾಕುವಾಗ ಬೆರಳಿನ ಡೀಸೆಲ್ ಕಾಗದಕ್ಕೆ ಹತ್ತಿತು. ಕಲೆ ಮೆಲ್ಲಗೆ ಹರಡಿ, ಅದರೊಳಗಿಂದ ಮೇಜಿನ ಮರದ ಗೆರೆಗಳು ಒಂದೊಂದಾಗಿ ಕಾಣತೊಡಗಿದವು.