ಬೇರೆ ಕಲಸಿದ ಮಾಲು

“ಬೋಳಿಮಗ, ದಿನ ತುಂಬೋಕ್ ಮುಂಚೇನೇ ಸೆಂಟ್ರಿಂಗ್ ಬಿಚ್ಚವ್ನೆ. ಈಗ ಹೆಂಡ್ತಿ ಬಂದು ನ್ಯಾಯ ಕೇಳ್ತಾಳೆ.”

ಮೇಸ್ತ್ರಿ ಅವಳಿಗೆ ಕೇಳಿಸಲೆಂದೇ ಅಂದ. ಅವಳು ತಲೆಯೆತ್ತದೆ ಕಬ್ಬಿಣದ ಅಚ್ಚುಗಳ ಒಳಮೈಗೆ ಎಣ್ಣೆ ಸವರುತ್ತಿದ್ದಳು.

ಸ್ಲ್ಯಾಬಿಗೆ ಹೋಗುವ ಕಾಂಕ್ರೀಟನ್ನೇ ಈ ಅಚ್ಚಿಗೆ ತುಂಬಬೇಕು. ಆ ಕ್ಯೂಬನ್ನು ಇಪ್ಪತ್ತೆಂಟು ದಿನಗಳ ಮೇಲೆ ಯಂತ್ರದಲ್ಲಿ ಅಮುಕಿ ಬಲ ನೋಡುತ್ತಾರೆ. ನಿಯಮ ಅದು. ಇಲ್ಲಿ ಕ್ಯೂಬಿಗೆಂದೇ ತಗಡಿನ ಮೇಲೆ ದುಪ್ಪಟ್ಟು ಸಿಮೆಂಟು ಹಾಕಿ ಬೇರೆ ಮಾಲು ಕಲಸುತ್ತಿದ್ದರು. ಪ್ರತಿ ಸಲ ತುಂಬಿದವಳು ಅವಳೇ.

ಎರಡನೇ ಮಹಡಿಯ ಸ್ಲ್ಯಾಬು ಕುಸಿದು, ಅದರಡಿಯ ಸೆಂಟ್ರಿಂಗ್ ಹಲಗೆ ಬಿಚ್ಚುತ್ತಿದ್ದ ಅವಳ ಗಂಡನ ಸೊಂಟ ಮುರಿದಿತ್ತು. ಕೇಸು ಅವನ ಮೇಲೇ ಬಿದ್ದು, ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಪೊಲೀಸನೊಬ್ಬ ಕೂತಿದ್ದ. ವಿಚಾರಣೆಗೆ ಎಂಜಿನಿಯರುಗಳ ಸಂಘದ ಮೂವರು ಬಂದಿದ್ದರು. ಅವರ ಎದೆಯ ಮೇಲಿನ ಬಿಲ್ಲೆಯೇ ಈ ಕಟ್ಟಡದ ಎಂಜಿನಿಯರನ ಎದೆಯ ಮೇಲೂ ಇತ್ತು. ಕ್ಯೂಬು ಗಟ್ಟಿ ಬಂದಿದೆ, ಹಾಗಾಗಿ ತಪ್ಪು ಸೆಂಟ್ರಿಂಗಿನವನದೇ ಎಂದರು. ಅವಳು ತಗಡಿನ ಮಾಲಿನ ಸುದ್ದಿ ಎತ್ತಿದಾಗ ಸಂಘದ ಅಧ್ಯಕ್ಷರು ಪೆನ್ನಿಗೆ ಕ್ಯಾಪು ಹಾಕಿದರು. ಸಂಶಯವಿದ್ದರೆ ಇಂದು ಹಾಕುವ ಸ್ಲ್ಯಾಬಿನ ಕ್ಯೂಬು ನಮ್ಮ ಕಣ್ಣೆದುರೇ ಆಗಲಿ, ನಾವೇ ಸಹಿ ಹಾಕುತ್ತೇವೆ ಎಂದರು.

ಅವರು ಕುಸಿದ ಮಹಡಿ ನೋಡಿ ಕೆಳಗಿಳಿಯುವ ಹೊತ್ತಿಗೆ ತಗಡಿನ ಮೇಲೆ ಮಾಲು ಸಿದ್ಧವಿತ್ತು. ಅವಳು ಅದನ್ನು ದಾಟಿ, ಬಾಣಲಿ ಹಿಡಿದು ಮಿಕ್ಸರಿನತ್ತ ನಡೆದಳು.

“ಇಲ್ಲಿಂದ ತುಂಬಕ್ಕಾ,” ಎಂದು ತಗಡು ತೋರಿಸಿದ ಎಂಜಿನಿಯರ್. ಅವನು ಯಾವತ್ತೂ ಅವಳನ್ನು ಅಕ್ಕ ಅಂದವನಲ್ಲ.

“ಯಾಕ್ ಸಾರ್, ಎರಡೂ ಒಂದೇ ಅಲ್ವಾ?”

ಅವನು ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಅದರಲ್ಲಿ ನೀರು ಜಾಸ್ತಿ ಕಾಣುತ್ತಮ್ಮ,” ಎಂದರು.

“ಹಂಗಾದ್ರೆ ಮೇಲಕ್ಕೆ ಹೋಗ್ತಿರೋದ್ನ ನಿಲ್ಸಿ ಸಾರ್.”

ಯಾರೂ ನಿಲ್ಲಿಸಲಿಲ್ಲ. ಬಾಣಲಿಗಳು ಕೈಯಿಂದ ಕೈಗೆ ಮೇಲೇರುತ್ತಲೇ ಇದ್ದವು. ಅವಳು ಮೂರು ಅಚ್ಚುಗಳನ್ನೂ ಮಿಕ್ಸರಿನ ಮಾಲಿನಿಂದ ತುಂಬಿದಳು. ಪದರಕ್ಕೆ ಮೂವತ್ತೈದು ಸಲ ಸರಳಿನಿಂದ ಕುಟ್ಟಬೇಕು; ಒಂದೇಟೂ ಕಡಿಮೆ ಮಾಡಲಿಲ್ಲ. ಮೇಲ್ಮೈ ಸವರಿ ಮೊಳೆಯಿಂದ ತಾರೀಖು ಗೀಚಿ, ಸಹಿಯ ಚೀಟಿ ಚಾಚಿದಳು. ಚಹಾ ಕುಡಿದು ಬರುತ್ತೇವೆಂದು ಮೂವರೂ ಕಾರು ಹತ್ತಿದರು. ವಾಪಸು ಬರಲಿಲ್ಲ.

ಅಚ್ಚು ಬಿಚ್ಚುವುದು ನಾಳೆ, ಮನೆಗೆ ಹೋಗು ಎಂದು ಮೇಸ್ತ್ರಿ ಎರಡು ಸಲ ಹೇಳಿದ. ತಾನು ಎದ್ದರೆ ಅಚ್ಚಿನೊಳಗಿನ ಮಾಲು ಬದಲಾಗುತ್ತದೆಂದು ಅವಳು ಕದಲಲಿಲ್ಲ. ಕೆಲಸ ಬಿಟ್ಟಮೇಲೆ, ಅವಳ ಜೊತೆ ವರ್ಷಗಟ್ಟಲೆ ಬಾಣಲಿ ಹೊತ್ತ ಗೆಳತಿ ನೀರು ತಂದುಕೊಟ್ಟಳು.

“ಆಸ್ಪತ್ರೆಗೆ ಹೋಗಿ ಗಂಡನ್ನ ನೋಡ್ಕೊಂಡ್ ಬಾರೇ. ಅಲ್ಲೀವರ್ಗೂ ನಾನ್ ಕಾಯ್ತೀನಿ.”

“ಯಾರ್ ಕಳ್ಸಿದ್ದು ನಿನ್ನ?”

ಗೆಳತಿಯ ಮುಖ ಸಣ್ಣದಾಯಿತು. “ನಾನೇ ಬಂದೆ ಕಣೇ.”

ಅವಳು ನೀರು ಕುಡಿಯಲಿಲ್ಲ. ಅಚ್ಚುಗಳನ್ನು ಕಾಲ ಸಂದಿಗೆ ಎಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತಳು.