ಮೂಲೆಯ ಅಪೆಂಡಿಕ್ಸ್

ಸೌದಾಮಿನಿ ಟೀಚರ್ ನನಗೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಈಗ ಅವರ ಶ್ವಾಸಕೋಶದ ಗಡ್ಡೆಯ ಚೂರು ಕಲ್ಲಿಕೋಟೆಯ ಆಸ್ಪತ್ರೆಯಲ್ಲಿ ನನ್ನ ಸೂಕ್ಷ್ಮದರ್ಶಕದ ಕೆಳಗೆ ಬಂದು ಕೂತಿತ್ತು. ಅದರಲ್ಲಿ ಒಂದು ಪ್ರೋಟೀನ್ ಇದೆಯೋ ಇಲ್ಲವೋ ನೋಡಬೇಕಿತ್ತು. ಇದ್ದರೆ ಕಂದು ಬಣ್ಣ ಹಿಡಿಯುತ್ತದೆ. ಅಂಥವರಿಗೆ ಮಾತ್ರೆಯಿದೆ, ಅದನ್ನು ನುಂಗಿಕೊಂಡು ವರ್ಷಗಟ್ಟಲೆ ಓಡಾಡಿಕೊಂಡಿರುವವರನ್ನು ಕಂಡಿದ್ದೇನೆ. ಇಲ್ಲದಿದ್ದರೆ ಮುಂದಿನ ದಾರಿ ಕಷ್ಟದ್ದು.

ಗಡ್ಡೆ ಬರೀ ಹಿನ್ನೆಲೆಯ ನೀಲಿಯಾಗಿತ್ತು, ಕಂದು ಎಲ್ಲೂ ಇರಲಿಲ್ಲ. ನಮ್ಮಲ್ಲಿ ಇಬ್ಬರು ಬೇರೆಬೇರೆಯಾಗಿ ನೋಡಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬರೆಯುವುದು ಪದ್ಧತಿ. ಜೊತೆಯ ವೈದ್ಯ ಮುನೀರ್ ಕೂಡ ಟೀಚರ ಶಿಷ್ಯನೇ. ಅವನೂ ‘ಇಲ್ಲ’ ಎಂದೇ ಬರೆದ.

ಟೀಚರ್ ಫಲಿತಾಂಶ ಕೇಳಿ ಸುಮ್ಮನೆ ಮನೆಗೆ ಹೋಗುವ ಪೈಕಿಯವರಲ್ಲ. ತಮ್ಮ ಗಡ್ಡೆಯನ್ನು ತಾವೇ ನೋಡಬೇಕೆಂದು ಹಟ ಹಿಡಿದು ಒಳಗೆ ಬಂದರು. ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಮುಂದೆ ನನ್ನೆದುರು ಕೂತು, ಮೊದಲು ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಮಗಳೇ, ಇದರಲ್ಲಿ ಎರಡು ಚೂರಿದೆಯಲ್ಲ. ಮೂಲೇಲಿರೋದೂ ನಂದೇನಾ?”

“ಅಲ್ಲ ಟೀಚರ್, ಅದು ಯಾರದೋ ಅಪೆಂಡಿಕ್ಸ್. ಎಲ್ಲ ಸ್ಲೈಡಿಗೂ ಒಂಚೂರು ಅಂಟಿಸ್ತೀವಿ. ಅದರ ನರದ ಕೋಶದಲ್ಲಿ ಈ ಪ್ರೋಟೀನ್ ಇದ್ದೇ ಇರತ್ತೆ. ಬಣ್ಣ ಸರಿಯಾಗಿ ಬಿದ್ದಿದ್ರೆ ಅಲ್ಲಿ ಕಂದು ಕಾಣ್ಬೇಕು.”

“ಕಂಡಿತಾ?”

ಪಕ್ಕದಲ್ಲೇ ನಿಂತಿದ್ದ ಮುನೀರ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ದಿನವೂ ಮೂಲೆಯನ್ನು ನೋಡಿಯೇ ಗಡ್ಡೆಗೆ ಬರುವ ನಾವಿಬ್ಬರೂ, ಟೀಚರದ್ದು ಎಂಬ ಆತುರದಲ್ಲಿ, ನೇರ ಗಡ್ಡೆಗೇ ಹಾರಿದ್ದೆವು.

ಸ್ಲೈಡ್ ಸರಿಸಿದೆ. ಅಪೆಂಡಿಕ್ಸೂ ಅಪ್ಪಟ ನೀಲಿ! ಕಂದು ಬಣ್ಣವೇ ಬಿದ್ದಿರಲಿಲ್ಲ. ನಾಚಿಕೆಯಾಯಿತು, ನಿಜ, ಆದರೆ ಎದ್ದು ಕುಣಿಯುವಷ್ಟು ಖುಷಿಯೂ ಆಯಿತು. ನಾವು ಬರೆದ ‘ಇಲ್ಲ’ಕ್ಕೆ ಅರ್ಥವೇ ಇರಲಿಲ್ಲ.

ಮುನೀರ್ ಸ್ಲೈಡಿಗೆ ಬಣ್ಣ ಹಾಕುವ ಯಂತ್ರದ ಕೋಣೆಗೆ ಓಡಿ, ಪೆಚ್ಚುಮೋರೆ ಹಾಕಿಕೊಂಡು ಬಂದ. ಔಷಧದ ಬಾಟಲಿಯ ಮೂತಿಗಿದ್ದ ಮುಚ್ಚಳವನ್ನು ತೆಗೆಯದೆಯೇ ಅವನು ಯಂತ್ರಕ್ಕೆ ಸಿಕ್ಕಿಸಿದ್ದನಂತೆ. ಗಡ್ಡೆಯಿಂದ ಹೊಸ ಪದರ ಕತ್ತರಿಸಿ ಮತ್ತೆ ಹಾಕಿದೆವು. ಟೀಚರ್ ಅಲ್ಲಾಡಲಿಲ್ಲ. ಕ್ಯಾಂಟೀನಿನ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಿನ್ನುತ್ತಾ, ಹಣ್ಣು ಮಾಗಿಲ್ಲ ಎಂದು ಅದನ್ನೂ ಬೈದರು, ಮುನೀರನನ್ನೂ ಬೈದರು.

ಸಂಜೆ ಹೊಸ ಸ್ಲೈಡ್ ಬಂತು. ಅದನ್ನಿಟ್ಟು ಗಡ್ಡೆಯತ್ತ ಸರಿಸಹೊರಟೆ.

“ಮೊದಲು ಮೂಲೆ,” ಎಂದರು ಟೀಚರ್.

ಅಪೆಂಡಿಕ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಕಂದು ಕೋಶ. ಆಮೇಲೆ ಗಡ್ಡೆಗೆ ಸರಿಸಿದೆ. ಕಾಫಿ ಚೆಲ್ಲಿದ ಹಾಗೆ ಇಡೀ ಗಡ್ಡೆ ಕಂದು. ಎದುರಿಗೆ ಟೀಚರೂ ನೋಡುತ್ತಿದ್ದರು. ಮುನೀರ್ ಇನ್ನೂ ನೋಡಬೇಕಿತ್ತಲ್ಲ, ಇಬ್ಬರೂ ತುಟಿ ಬಿಚ್ಚದೆ ಎದ್ದೆವು. ಅವನು ನೋಡಿದ. ‘ಇದೆ’ ಎಂದು ಬರೆದು, ಅದರ ಕೆಳಗೆ ಗೆರೆ ಎಳೆದ, ಮತ್ತೊಂದು ಗೆರೆ ಎಳೆದ.

ಟೀಚರ್ ಸೆರಗು ಸರಿಮಾಡಿಕೊಂಡರು. “ಬೆಳಗ್ಗೇದಕ್ಕೆ ಇಬ್ಬರಿಗೂ ಸೊನ್ನೆ. ಮುಂದಿನ ವರ್ಷ ಬಂದು ಮತ್ತೆ ಪರೀಕ್ಷೆ ಮಾಡ್ತೀನಿ.”

ಕಾಯಿಲೆ ಗೊತ್ತಾದ ಮೇಲೆ ಅವರು ಮುಂದಿನ ವರ್ಷದ ಮಾತೆತ್ತಿದ್ದು ಅದೇ ಮೊದಲು. ನಾನು ಅಲ್ಲೇ ಅತ್ತುಬಿಟ್ಟೆ.